ಬಿಳಿ ಬಣ್ಣ ಹೊಡೆಸಿದ್ದಕ್ಕೆ ಟೇಪು ಬಂತು

ಇವತ್ತು ಬೆಳಿಗ್ಗೆ ಅಣ್ಣ ಅಳತೆಯ ಟೇಪು ಹಿಡಿದು ನನ್ನ ಮನೆಗೆ ಬಂದ, ಗೆಳೆಯರೇ. ಹರಿಹರದ ಮನೆ ಪಾಲಾದಾಗ ಪಡಸಾಲೆಯ ನಡುವೆ ಗೋಡೆ ಕಟ್ಟಿ ಸಮನಾಗಿ ಹಂಚಿಕೊಂಡಿದ್ದೆವು. ಎರಡೂ ಕಡೆ ಕಡುಹಸಿರು ಬಣ್ಣವಿತ್ತು. ಮೊನ್ನೆ ನನ್ನ ಕಡೆಗೆ ಬಿಳಿ ಹೊಡೆಸಿದೆ.

"ನಿಂದು ದೊಡ್ಡದು ಕಾಣ್ತೈತಲ್ಲ. ಗೋಡೆ ನಮ್ಮ ಕಡೆ ಸರಿಸೀಯೇನು?" ಎಂದ.

"ಬಿಳಿ ಬಣ್ಣಕ್ಕೆ ಹಂಗ ಕಾಣ್ತೈತಣ್ಣ."

ಅವನು ನಂಬಲಿಲ್ಲ. ಇಬ್ಬರೂ ಸೇರಿ ಎರಡೂ ಕಡೆ ಅಳೆದೆವು. ಒಂದೇ ಅಳತೆ ಬಂತು.

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕೇಳಿದರು: "ಟೇಪಿನ ಆ ತುದಿ ಹಿಡ್ಕಂಡಿದ್ದು ಯಾರ್ರಿ?"

ಹಿಡಿದಿದ್ದವನು ನಾನು. ಹಾಗಾಗಿ ಅತ್ತಿಗೆಯೇ ತುದಿ ಹಿಡಿದು ಮತ್ತೆ ಅಳೆಸಿದರು. ಅಳತೆ ಬದಲಾಗಲಿಲ್ಲ.

ಸಂಜೆ ಅಣ್ಣನೂ ಬಿಳಿ ಬಣ್ಣದ ಡಬ್ಬಿ ತಂದಿದ್ದಾನೆ. ಬೆಳಿಗ್ಗೆ ಇಲ್ಲೇ ಮರೆತುಹೋದ ಟೇಪನ್ನು ವಾಪಸ್ ಕೇಳಿದ. ಅವನ ಬಣ್ಣ ಒಣಗಲಿ, ನಾನೂ ಒಂದು ಸಲ ಅಳೆದೇ ಕೊಡುತ್ತೇನೆ.