ಬೂದಿಯಲ್ಲಿಟ್ಟ ಅಲಸಂಡೆ ಬೀಜ

ಅಮ್ಮ ಸತ್ತಾಗ ನಾನು ಅಳಲಿಲ್ಲ. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಬಂದ ನೆಂಟರೆಲ್ಲ ಅದನ್ನು ಗಮನಿಸಿದ್ದರು. ಗಮನಿಸಲಿ ಎಂದು ನಾನೂ ಸುಮ್ಮನಿದ್ದೆ. ಊಟ ಮುಗಿದ ಮೇಲೆ ಅಕ್ಕ ಅಡುಗೆಮನೆಯ ಅಟ್ಟದಿಂದ ಅಮ್ಮನ ಬಾಟಲಿ ಇಳಿಸಿದಳು. ಒಳಗೆ ಬೂದಿ, ಬೂದಿಯಲ್ಲಿ ಕೆಂಪು ಅಲಸಂಡೆ ಬೀಜ. ಮೀನಿನ ಬುಟ್ಟಿ ಹೊತ್ತು ಮಂಗಳೂರಿನ ಕಂಕನಾಡಿ ಸುತ್ತುತ್ತಿದ್ದ ಕಾಲದಿಂದಲೂ ಅಮ್ಮ ಆ ಬೀಜವನ್ನು ಬಿತ್ತಿ, ಒಣಗಿಸಿ, ಮತ್ತೆ ಬಿತ್ತಿ ಉಳಿಸಿಕೊಂಡು ಬಂದಿದ್ದಳು. ಅಂಗಡಿಯ ಬೀಜ ಅವಳಿಗೆ ಆಗುತ್ತಿರಲಿಲ್ಲ. ಅಕ್ಕ ಕಣ್ಣೊರೆಸಿಕೊಂಡು ಒಂದೆರಡು ಹಿಡಿ ಕಟ್ಟಿಕೊಂಡಳು. ಉಳಿದದ್ದು ನನಗೆ ಬಂತು.

ಹೈವೇ ಪಕ್ಕ, ಪಂಪ್‌ವೆಲ್ ಸರ್ಕಲ್‌ನ ಹಿಂದಿರುವ ನಮ್ಮ ಮನೆಯ ತಾರಸಿಯಲ್ಲಿ, ಹಳೆಯ ಪೇಂಟ್ ಡಬ್ಬಗಳಲ್ಲಿ ಸ್ವಲ್ಪ ಬಿತ್ತಿದೆ. ಪ್ರೀತಿಯಿಂದಲ್ಲ, ಸುಳ್ಳು ಯಾಕೆ ಹೇಳಲಿ. ಡಬ್ಬಗಳು ಖಾಲಿ ಇದ್ದವು, ಅಷ್ಟೆ. ದಿನಾ ಕೆಲಸಕ್ಕೆ ಹೊರಡುವ ಮೊದಲು ಪೈಪು ಹಿಡಿದು ಎಲೆಗಳ ಮೇಲೆಯೇ ನೀರು ಹೊಡೆದು, ಒದ್ದೆ ಬಳ್ಳಿಯನ್ನು ಕೈಯಿಂದ ಹಗ್ಗಕ್ಕೆ ಸುತ್ತುತ್ತಿದ್ದೆ. ತಿಂಗಳಾದ ಮೇಲೆ ಎಲೆಗಳಲ್ಲಿ ನೀರಿನಲ್ಲಿ ನೆಂದಂಥ ಚುಕ್ಕೆಗಳು ಬಂದವು. ಆಮೇಲೆ ಅವು ಕಂದು ಬಣ್ಣಕ್ಕೆ ತಿರುಗಿ, ಸುತ್ತ ಹಳದಿ ಅಂಚು ಕಟ್ಟಿತು. ಹೈವೇಯ ಹೊಗೆ ಎಂದುಕೊಂಡೆ. ಚುಕ್ಕೆ ಕಾಯಿಗೂ ಬಂದಾಗ ನಾಲ್ಕು ಎಲೆ ಕಿತ್ತು ಕವರಿಗೆ ಹಾಕಿ ಕೃಷಿ ಕೇಂದ್ರಕ್ಕೆ ಹೋದೆ.

ಅಲ್ಲಿದ್ದವರು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಬ್ಯಾಕ್ಟೀರಿಯಾ ಮೇಡಂ. ಬೀಜದ ಒಳಗೇ ಇರ್ತದೆ. ನೀವು ಒದ್ದೆಯಲ್ಲಿ ಮುಟ್ಟಿದ್ದಕ್ಕೆ ಎಲ್ಲ ಗಿಡಕ್ಕೂ ಹರಡಿದೆ."

"ಬೀಜ ಬೂದಿಯಲ್ಲಿ ಇಟ್ಟದ್ದು."

"ಬೂದಿ ಹುಳಕ್ಕೆ ಆಗ್ತದೆ, ಇದಕ್ಕೆ ಆಗುವುದಿಲ್ಲ. ಬಳ್ಳಿ ಕಿತ್ತು ಸುಟ್ಟುಬಿಡಿ. ಆ ಬೀಜ ಇನ್ನು ಬಿತ್ತಬೇಡಿ, ಬಿತ್ತಲಿಕ್ಕೆ ಯಾರಿಗೂ ಕೊಡಬೇಡಿ. ತಿನ್ಲಿಕ್ಕೆ ಎಂತ ತೊಂದರೆ ಇಲ್ಲ."

ಬ್ಯಾಕ್ಟೀರಿಯಾ ಎಂಬ ಮಾತನ್ನು ಆಸ್ಪತ್ರೆಯಲ್ಲಿ ಡಾಕ್ಟರೂ ಹೇಳಿದ್ದರು, ಅಮ್ಮನ ರಕ್ತದಲ್ಲಿದೆ ಎಂದು. ಆಗಲೂ ಹೀಗೆಯೇ ತಲೆಯಾಡಿಸಿದ್ದೆ. ಬಸ್ಸು ಹತ್ತಿ ಮನೆಗೆ ಬಂದೆ.

ಅಕ್ಕನಿಗೆ ಹೇಳಲೇಬೇಕಿತ್ತು. ನಂತೂರಿನ ತನ್ನ ಮನೆಯಲ್ಲಿ ಅವಳೂ ಅದೇ ಬೀಜ ಹಾಕಿದ್ದಳು, ದಿನಾ ಬಳ್ಳಿಯ ಫೋಟೋ ಕಳಿಸುತ್ತಿದ್ದಳು.

"ಅಮ್ಮನ ಬಳ್ಳಿ ಕೀಳುವುದಾ? ಎಂತ ಮಾತಾಡ್ತಿ ಮಾರಾಯ್ತಿ!" ಎಂದು ಫೋನಿನಲ್ಲೇ ಕಿರುಚಿದಳು. "ನಿನಗೆ ಅಮ್ಮ ಹೋದದ್ದೇ ತಾಗಲಿಲ್ಲ. ಕಲ್ಲು ನೀನು."

ನನಗೆ ಸಿಟ್ಟು ನೆತ್ತಿಗೇರಿತು. "ಹೌದು, ಕಲ್ಲೇ. ಕಲ್ಲಾದ ಕಾರಣ ಆಸ್ಪತ್ರೆಯಲ್ಲಿ ಕೂತದ್ದು ನಾನು" ಎಂದು ಫೋನ್ ಇಟ್ಟೆ. ತಾರಸಿಗೆ ಹೋಗಿ ಬಳ್ಳಿಗಳನ್ನು ಬುಡಸಮೇತ ಕಿತ್ತೆ, ಒಣಗಿದ ಮೇಲೆ ಸುಟ್ಟೆ. ಏನೂ ಅನಿಸಲಿಲ್ಲ. ಆದರೆ ಬಾಟಲಿಯನ್ನು ಮುಟ್ಟಲು ಕೈ ಬರಲಿಲ್ಲ. ದಿನಾ ಅದನ್ನು ನೋಡುತ್ತಿದ್ದೆ, ನೋಡಿ ಕೆಲಸಕ್ಕೆ ಹೋಗುತ್ತಿದ್ದೆ.

ಎರಡು ವಾರದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅಕ್ಕ ಬಂದಳು. ಕಣ್ಣು ಊದಿತ್ತು. ಕೈಯಲ್ಲೊಂದು ಕಾಗದದ ಪೊಟ್ಟಣ.

"ನನ್ನದಕ್ಕೂ ಬಂತು, ಕಿತ್ತುಹಾಕಿದೆ. ಬಿತ್ತಿ ಉಳಿದದ್ದು ಇಷ್ಟು ಉಂಟು. ಎಂತ ಮಾಡುವುದು?"

"ತಿನ್ನುವ" ಎಂದೆ.

ಅವಳು ನನ್ನ ಮುಖ ನೋಡಿದಳು, ಬೈಯಲಿಲ್ಲ. ಅವಳ ಪೊಟ್ಟಣವನ್ನೂ ನನ್ನ ಬಾಟಲಿಯನ್ನೂ ಒಂದೇ ಪಾತ್ರೆಗೆ ಸುರಿದು, ಬೂದಿ ಹೋಗುವವರೆಗೆ ತೊಳೆದೆವು. ಬಿಸಿನೀರಿನಲ್ಲಿ ನೆನೆಸಿ, ಕುಕ್ಕರಿನಲ್ಲಿ ಬೇಯಿಸಿ, ತೆಂಗಿನಕಾಯಿ ಅರೆದು, ಅಮ್ಮ ಹಾಕುತ್ತಿದ್ದ ಹಾಗೆ ಒಣ ಸಿಗಡಿ ಹಾಕಿ ಗಸಿ ಮಾಡಿದೆವು. ಮಧ್ಯಾಹ್ನ ನೆಲದ ಮೇಲೆ ಕೂತು ಉಂಡೆವು. ಅಕ್ಕ ಅಳುತ್ತ ಉಂಡಳು, ನಾನು ಸುಮ್ಮನೆ ಉಂಡೆ. ಚೆನ್ನಾಗಿತ್ತು.

ಅಕ್ಕ ತಟ್ಟೆ ಮುಂದೆ ಮಾಡಿದಳು. "ಇನ್ನು ಸ್ವಲ್ಪ ಉಂಟಾ?"

ಪಾತ್ರೆಯ ತಳದಲ್ಲಿ ಸೌಟು ಆಡಿಸಿ ನೋಡಿದೆ.

"ಇಲ್ಲ ಅಕ್ಕ, ಮುಗಿಯಿತು" ಎಂದೆ. ಹಾಗೆಂದ ಮೇಲೆ ಸೌಟು ಕೆಳಗಿಡಲು ನನ್ನಿಂದ ಆಗಲಿಲ್ಲ. ಅಕ್ಕನೇ ಎದ್ದು ಬಂದು ಅದನ್ನು ನನ್ನ ಕೈಯಿಂದ ತೆಗೆದಳು.