ಬಚ್ಚಲಿನಲ್ಲಿ ಎನ್-ಫ್ಯಾಕ್ಟರ್

ಸಂಜೆ ಪಾಠಕ್ಕೆ ಬರುವ ಹುಡುಗಿಯೊಬ್ಬಳು ಈಜುಕೊಳದಿಂದ ನೇರವಾಗಿ ಬರುತ್ತಾಳೆ. ಕೂದಲು ಇನ್ನೂ ಒದ್ದೆ. ಅವಳು ನೋಟ್‌ಬುಕ್ಕಿನ ಮೇಲೆ ಬಗ್ಗಿದಾಗ ಕ್ಲೋರಿನ್ ವಾಸನೆ ಮೂಗಿಗೆ ತಾಗುತ್ತದೆ. ನಾನು ಎದ್ದು ಹೋಗಿ ಕಿಟಕಿ ತೆರೆಯುತ್ತೇನೆ. "ಸೆಕೆನಾ ಮಿಸ್?" ಎಂದು ಕೇಳುತ್ತಾಳೆ. ಹೌದು ಎನ್ನುತ್ತೇನೆ. ಡಿಸೆಂಬರಿನಲ್ಲೂ ಹೌದು ಎಂದಿದ್ದೇನೆ.

ನಿಮಗೆ ಮಾತ್ರ ನಿಜ ಹೇಳುತ್ತೇನೆ. ಆ ವಾಸನೆ ಬಂದರೆ ನನಗೆ ಮೊದಲು ಕಾಣುವುದು ನನ್ನದೇ ಕೈ, ಬಚ್ಚಲ ಬಾಗಿಲಲ್ಲಿ ಆಸಿಡ್ ಬಾಟಲಿ ಚಾಚಿರುವ ಕೈ. ಅದರಿಂದ ಒಬ್ಬರ ಉಸಿರು ಹೋಗುವುದರಲ್ಲಿತ್ತು. ಉಸಿರು ಉಳಿದ ಮೇಲೆ ಕೆಲಸ ಹೋಗುವುದರಲ್ಲಿತ್ತು.

ಗಿರಿನಗರದಲ್ಲಿ ನಮಗೊಬ್ಬ ಕೆಮಿಸ್ಟ್ರಿ ಮೇಷ್ಟ್ರಿದ್ದರು. ಪಿಯುಸಿ ದಿನಗಳಲ್ಲಿ ಅವರ ಮನೆಯ ತಾರಸಿಯ ಶೀಟಿನ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದೆವು. ಅಲ್ಲಿ ಕಲಿತ ಎನ್-ಫ್ಯಾಕ್ಟರ್ ಎಂದರೆ ಭಯಪಡುವಂಥದ್ದೇನಲ್ಲ. ಒಂದು ಅಣು ಒಂದು ಕ್ರಿಯೆಯಲ್ಲಿ ಎಷ್ಟು ಎಲೆಕ್ಟ್ರಾನ್ ಕೊಟ್ಟಿತು ಅಥವಾ ತೆಗೆದುಕೊಂಡಿತು ಎಂಬ ಲೆಕ್ಕ. ಅದು ಸಿಕ್ಕಿದರೆ ಎಲೆಕ್ಟ್ರೋಕೆಮಿಸ್ಟ್ರಿಯ ಅರ್ಧ ಪ್ರಶ್ನೆಗಳು ಎರಡೇ ಸಾಲಿನಲ್ಲಿ ಮುಗಿಯುತ್ತವೆ. ಯಾವ ವಸ್ತುವಿಗೆ ಎಷ್ಟು ಎಂಬ ಪಟ್ಟಿಯೊಂದನ್ನು ನಾನು ಬಾಯಿಪಾಠ ಮಾಡಿಕೊಂಡು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಿದ್ದೆ. ಅದನ್ನೇ ಬುದ್ಧಿವಂತಿಕೆ ಎಂದುಕೊಂಡಿದ್ದೆ.

"ಪೊಟ್ಯಾಸಿಯಂ ಪರ್ಮಾಂಗನೇಟ್?" ಎಂದರು ಮೇಷ್ಟ್ರು.

"ಐದು ಸಾರ್!"

"ಎಲ್ಲಿ? ಯಾರ್ ಜೊತೆ?"

ನಾನು ಪಟ್ಟಿಯ ಪುಟ ತಿರುವಿದೆ. ಅದರಲ್ಲಿ ಬರೀ ಐದು ಎಂದಿತ್ತು.

"ಏನಮ್ಮಾ ಎಕ್ಸ್‌ಪ್ರೆಸ್ಸು, ಸ್ಟೇಷನ್ ಬರೋಕ್ಮುಂಚೆನೇ ಇಳಿದ್ಬಿಟ್ಯಲ್ಲ! ಆಸಿಡ್‌ನಲ್ಲಿದ್ರೆ ಐದು. ಬರೀ ನೀರಲ್ಲಿ ಮೂರು. ಗಟ್ಟಿ ಕ್ಷಾರದಲ್ಲಿ ಒಂದೇ. ಡಬ್ಬಿ ಮೇಲಿನ ಹೆಸರು ನೋಡಿ ಉತ್ತರ ಹೇಳೋದಾದ್ರೆ ಅಂಗಡಿ ಇಟ್ಕೋ."

ಎಲ್ಲರೂ ನಕ್ಕರು. ಮುಂದೆ ಬಿ.ಎಸ್ಸಿ. ಮಾಡಿ, ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಊಟದ ಮೇಜನ್ನೇ ಶಾಲೆ ಮಾಡಿಕೊಂಡ ಮೇಲೆ, ಆ ಬೈಗುಳವನ್ನು ನನ್ನದೆಂಬಂತೆ ಬಳಸಿ ನಾನೂ ಮಕ್ಕಳನ್ನು ನಗಿಸಿದ್ದೇನೆ.

ಸಾವಿತ್ರಮ್ಮ ಅಂಜನಾಪುರದಿಂದ ಬಸ್ಸಿನಲ್ಲಿ ಬಂದು ನಮ್ಮ ಕಟ್ಟಡದ ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಆ ಬೆಳಿಗ್ಗೆ ನಮ್ಮ ಬಚ್ಚಲು ತೊಳೆಯುತ್ತಿದ್ದರು. ನಾನು ಸಂಜೆಯ ಪಾಠಕ್ಕೆ ಲೆಕ್ಕ ಆರಿಸುತ್ತಿದ್ದೆ. ನಗಬೇಡಿ, ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ರೆಡಾಕ್ಸ್ ಲೆಕ್ಕಗಳನ್ನೇ.

"ಮೇಡಂ, ಈ ಬೋರ್ ನೀರಿನ ಕರೆ ಹೋಗ್ತಾನೇ ಇಲ್ಲ. ಉಜ್ಜಿ ಉಜ್ಜಿ ನನ್ ಕೈನೇ ಬೆಳ್ಳಗಾಯ್ತು."

"ಆಸಿಡ್ ಸುರೀರಿ, ತಕ್ಷಣ ಹೋಗುತ್ತೆ" ಎಂದು ಅಡುಗೆಮನೆಯ ಸಿಂಕಿನ ಕೆಳಗಿನಿಂದ ಬಾಟಲಿ ತಂದುಕೊಟ್ಟೆ. ನೆಲದ ಮೇಲೆ ಆಗಲೇ ಬ್ಲೀಚಿಂಗ್ ಪುಡಿ ಬಿದ್ದಿತ್ತು. ಬೆಳ್ಳಗೆ, ಕಣ್ಣಿಗೆ ಹೊಡೆಯುವಂತೆ ಇತ್ತು. ಆಸಿಡ್ ಯಾರ ಜೊತೆ ಸೇರುತ್ತದೆ ಎಂದು ನಾನು ಕೇಳಿಕೊಳ್ಳಲಿಲ್ಲ. ಕಲೆಗೆ ಆಸಿಡ್ ಎಂಬುದು ಪಟ್ಟಿಯಲ್ಲಿದ್ದ ಉತ್ತರ.

ಎಲೆಕ್ಟ್ರಾನ್ ಲೆಕ್ಕದಲ್ಲಿ ಪುಡಿಯ ಕ್ಲೋರಿನ್ ಪ್ಲಸ್ ಒಂದರಿಂದ ಇಳಿಯುತ್ತದೆ, ಆಸಿಡ್ಡಿನದು ಮೈನಸ್ ಒಂದರಿಂದ ಏರುತ್ತದೆ, ಎರಡೂ ಸೊನ್ನೆಯಲ್ಲಿ ಸೇರಿ ಕ್ಲೋರಿನ್ ವಿಷಾನಿಲವಾಗುತ್ತವೆ. ಇದನ್ನು ನಾನು ನಿದ್ದೆಗಣ್ಣಿನಲ್ಲೂ ಬಿಡಿಸಬಲ್ಲೆ. ಅವರು ಸುರಿದು ಎದುರಿಗೆ ನೊರೆ ಎದ್ದಾಗ ಮಾತ್ರ ಗುರುತು ಸಿಗಲಿಲ್ಲ. ಹಳದಿ ಬಣ್ಣದ ಹೊಗೆ, ಕೆಮ್ಮು, ಬಕೆಟ್ ಉರುಳಿದ ಸದ್ದು. ಸಾವಿತ್ರಮ್ಮ ಗೋಡೆ ತಡವುತ್ತ ಕುಸಿದರು. ನನ್ನ ಕಾಲು ನಿಂತಲ್ಲೇ ನಿಂತಿತು. ಎಷ್ಟು ಹೊತ್ತು? ಈಗಲೂ ದಿನಾ ಅಳೆಯುತ್ತೇನೆ. ಒಂದು ದಿನ ಮೂರು ಸೆಕೆಂಡು ಅನಿಸುತ್ತದೆ, ಇನ್ನೊಂದು ದಿನ ಇಡೀ ನಿಮಿಷ. ಆಮೇಲೆ ಉಸಿರು ಬಿಗಿಹಿಡಿದು ಒಳಗೆ ನುಗ್ಗಿ ಅವರ ತೋಳು ಹಿಡಿದು ಎಳೆದೆ. ಆಸ್ಪತ್ರೆಯಲ್ಲಿ ಅವರಿಗೆ ಎರಡು ದಿನ ಆಮ್ಲಜನಕ ಕೊಟ್ಟರು.

ಮೂರನೆಯ ದಿನ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಒಂದು ಸುತ್ತೋಲೆ ಹಿಡಿದು ಬಂದರು. ಕೆಲಸದವರ ಅಜಾಗರೂಕತೆಯಿಂದ ಅವಘಡವಾಗಿದೆ, ಇನ್ನು ಸಾವಿತ್ರಮ್ಮನಿಗೆ ಗೇಟಿನೊಳಗೆ ಪ್ರವೇಶವಿಲ್ಲ ಎಂದಿತ್ತು. ನಾಲ್ಕು ಮನೆಯ ಕೆಲಸ ಒಂದೇ ಸಾಲಿನಲ್ಲಿ ಹೋಗಿತ್ತು. ಸಾಕ್ಷಿಯಾಗಿ ನನ್ನ ಸಹಿ ಬೇಕಂತೆ.

"ಆಸಿಡ್ ಕೊಟ್ಟಿದ್ದು ನಾನು ಸಾರ್."

"ಸುರಿದಿದ್ದು ಅವ್ರು ತಾನೇ? ಸುಮ್ನೆ ಸೈನ್ ಮಾಡಿ ಮೇಡಂ. ಕೆಮಿಸ್ಟ್ರಿ ಮಿಸ್ ಮನೇಲೇ ಹಿಂಗಾಯ್ತು ಅಂದ್ರೆ ಯಾರು ಮಕ್ಕಳನ್ನ ಕಳಿಸ್ತಾರೆ?"

"ಒಬ್ರು ಬಿಟ್ಟ ಎಲೆಕ್ಟ್ರಾನನ್ನ ಇನ್ನೊಬ್ರು ತಗೊಂಡಿರ್ಲೇಬೇಕು ಸಾರ್. ಒಂದೇ ಕಡೆ ಬರ್ದು ಇನ್ನೊಂದು ಕಡೆ ಖಾಲಿ ಬಿಟ್ರೆ ನಾನು ಸೊನ್ನೆ ಕೊಡ್ತೀನಿ."

"ಇದೇನ್ ಕ್ಲಾಸಾ ಮೇಡಂ?"

ಮಾತು ನಾಟಕೀಯವಾಯಿತು, ಒಪ್ಪುತ್ತೇನೆ. ಆದರೆ ಸಹಿ ಹಾಕಲಿಲ್ಲ. ಸುತ್ತೋಲೆಯ ಹಿಂಬದಿಯಲ್ಲಿ ದೊಡ್ಡಕ್ಷರದಲ್ಲಿ ಬರೆದೆ: "ಬ್ಲೀಚಿಂಗ್ ಪುಡಿಯ ಮೇಲೆ ಆಸಿಡ್ ಸುರಿಯಲು ಹೇಳಿದವಳು ನಾನು. ತಪ್ಪು ನನ್ನದು. ಅವರ ಪ್ರವೇಶ ರದ್ದಾದರೆ ನನ್ನದೂ ರದ್ದಾಗಲಿ." ಸ್ವಂತ ಮನೆಗೆ ಪ್ರವೇಶ ಹೇಗೆ ರದ್ದಾಗುತ್ತದೆಂದು ಯೋಚಿಸಿರಲಿಲ್ಲ. ಹೆಸರು, ಮನೆ ನಂಬರು ಹಾಕಿ ಲಿಫ್ಟಿನಲ್ಲಿ ಅಂಟಿಸಿದೆ. ಸಂಜೆಯೊಳಗೆ ಯಾರೋ ಹರಿದರು. ಇನ್ನೊಂದು ಅಂಟಿಸಿದೆ. ಅದನ್ನೂ ಹರಿದರು. ಮಕ್ಕಳ ಟೆಸ್ಟಿಗೆಂದು ತಂದಿಟ್ಟ ಕಾಗದ ನನ್ನ ಬಳಿ ಕಟ್ಟುಗಟ್ಟಲೆ ಇತ್ತು. ಏಳನೆಯದನ್ನು ಯಾರೂ ಮುಟ್ಟಲಿಲ್ಲ.

ಇಬ್ಬರು ಮಕ್ಕಳು ಪಾಠ ಬಿಟ್ಟರು. ಬಿಡಲಿ. ಗೇಟು ತೆರೆಯಿತು. ನಾಲ್ಕು ಮನೆಗಳಲ್ಲಿ ಎರಡು ಸಾವಿತ್ರಮ್ಮನವರನ್ನು ಮತ್ತೆ ಕರೆದವು. ಮೆಟ್ಟಿಲು ಹತ್ತುವಾಗ ಅವರಿಗೆ ಈಗಲೂ ಕೆಮ್ಮು ಬರುತ್ತದೆ. ಅದು ಕೇಳಿಸಿದಾಗ ನಾನು ಕ್ಷಮೆ ಕೇಳುವುದಿಲ್ಲ, ನೀರು ಕೊಡುತ್ತೇನೆ; ಕ್ಷಮೆ ಕೇಳಿ ಕೇಳಿ ಅವರಿಗೇ ಬೇಸರವಾಗಿದೆ.

ಇವತ್ತು ಬೆಳಿಗ್ಗೆ ಅವರು ಹೇಳಿದ ಸಮಯಕ್ಕಿಂತ ಬೇಗ ಬಂದರು. ಮೇಲಿನ ಮನೆಗೆ ಹೊಸದಾಗಿ ಬಂದವರು ಹೆಸರಿಲ್ಲದ ಬಾಟಲಿಯೊಂದನ್ನು ಕೈಗೆ ಕೊಟ್ಟರಂತೆ.

"ಇದ್ರಲ್ಲಿ ಏನಿದೆ, ಯಾವ್ದರ್ ಜೊತೆ ಸೇರಿಸ್ಬಾರ್ದು, ಬರ್ದು ಅಂಟಿಸಿ. ಇಲ್ಲಾಂದ್ರೆ ನೀವೇ ತೊಳ್ಕೊಳಿ ಅಂದೆ."

"ಅಯ್ಯೋ! ಅವ್ರೇನಂದ್ರು?"

"ಇನ್ನೂ ಬರೀತಾವ್ರೆ, ಫೋನ್ ನೋಡ್ಕೊಂಡು. ಅಷ್ಟ್ರಲ್ಲಿ ನಿಮ್ ಪಾತ್ರೆ ಮುಗಿಸೋಣ ಅಂತ ಬಂದೆ."

ಅವರು ನಲ್ಲಿ ತಿರುಗಿಸಿದರು. ನಾನು ಪೆನ್ನು, ಅಂಟಿಸುವ ಚೀಟಿಗಳನ್ನು ತೆಗೆದುಕೊಂಡು ಅವರ ಕಾಲ ಬಳಿಯೇ ನೆಲದ ಮೇಲೆ ಕೂತು, ಆ ದಿನದಿಂದ ತೆರೆಯದಿದ್ದ ಸಿಂಕಿನ ಕೆಳಗಿನ ಬಾಗಿಲನ್ನು ತೆರೆದೆ.