ಪುಟ್ಟ ಎಂಜಿನ್ನಿನ ವಕೀಲ

ನೆಬ್ರಾಸ್ಕದ ಹೆದ್ದಾರಿಯ ನಮ್ಮ ಲಾರಿ ತಂಗುದಾಣಕ್ಕೆ ಆರ್ಲೋ ಟಿಬೆಟ್ಸ್ ಬಂದನೆಂದರೆ, ಕಾಫಿ ಬಗ್ಗಿಸುವ ಮೊದಲೇ ತನ್ನ ಪುಟ್ಟ ಎಂಜಿನ್ನಿನ ಪುರಾಣ ಬಿಚ್ಚುತ್ತಾನೆ. ನಿಂತ ಲಾರಿಯ ಕ್ಯಾಬಿನ್ನಿಗೆ ತಂಪು, ಬಿಸಿ, ದೀಪ ಕೊಡಲೆಂದೇ ಅವನು ಕೂರಿಸಿಕೊಂಡ ಪೆಟ್ಟಿಗೆ ಅದು. ಉಳಿದ ನಾವೆಲ್ಲ ಇಷ್ಟಕ್ಕೇ ದೊಡ್ಡ ಎಂಜಿನ್ನನ್ನು ಗುರುಗುಟ್ಟಿಸುತ್ತ ಮಲಗುವವರು. "ಒಂದು ಲೋಟ ಕಾಫಿಗೆ ಹಂಡೆ ನೀರು ಕಾಯಿಸ್ತಾರೇನ್ರೋ?" ಎಂದು ಛೇಡಿಸುತ್ತಾನೆ. ಪಾದ್ರಿ ಸಿಕ್ಕರೂ ಬಿಡ. ಡೀಸೆಲ್ ಉಳಿತಾಯದ ಉಪದೇಶವನ್ನು ಅವರಿಗೇ ಮಾಡಿ ಕಳಿಸುತ್ತಾನೆ. "ಗಿಟ್ಟಿತೇನೋ ಮುದುಕ? ಅದರ ರಿಪೇರಿಗೇ ನಿನ್ನ ಅರ್ಧ ಆಯಸ್ಸು ಹೋಯ್ತಲ್ಲೋ!" ಎಂದು ನಾನು ಕೆಣಕಿದರೆ, "ಗಿಟ್ಟಿದೆ ಕಣೋ, ನಿನಗೆ ಲೆಕ್ಕ ಬರಲ್ಲ" ಎಂದು ಎದ್ದುಬಿಡುತ್ತಾನೆ. ಸಂಜೆಯ ಊಟವಾದ ಮೇಲೆ ಕ್ಯಾಬಿನ್ನಿನಲ್ಲಿ ಫೋನನ್ನು ಕಿವಿಗೊತ್ತಿಕೊಂಡು ಕೂರುವುದು ಅವನ ವಾಡಿಕೆ. ಗಂಟಲಿನ ಆಪರೇಷನ್ ಆದಾಗಿನಿಂದ ಊರಲ್ಲಿರುವ ಅವನ ಹೆಂಡತಿ ವರ್ನಾಳಿಗೆ ಪಿಸುದನಿಯಷ್ಟೇ ಉಳಿದಿದೆ; ದೊಡ್ಡ ಎಂಜಿನ್ನಿನ ಸದ್ದಿನಲ್ಲಿ ಅದು ಕೇಳುವಂತಿಲ್ಲ. ಮೊನ್ನೆ ಬಾಗಿಲು ತಟ್ಟಹೋದ ನನಗೆ ಒಳಗಿನಿಂದ ಅವನ ದನಿ ಕೇಳಿತು: "ಕೇಳಿಸ್ತು ಕಣೇ, ಬಿಳಿ ಕೋಳಿ ಮೊಟ್ಟೆ ಇಟ್ಟಿದ್ದೂ ಕೇಳಿಸ್ತು. ಇನ್ನೇನಾಯ್ತು, ಹೇಳು." ನಾನು ತಟ್ಟಲಿಲ್ಲ. ಪಕ್ಕದಲ್ಲೇ ಗುರುಗುಟ್ಟುತ್ತಿದ್ದ ನನ್ನ ಲಾರಿಯ ಎಂಜಿನ್ ಆಫ್ ಮಾಡಿ, ಆ ಸೆಕೆಯಲ್ಲೇ ಹಾಯಾಗಿ ಕೂತೆ.